ಹಲ್ಲಿನ ಸೆಟ್ಟೂ ಉಂಬ ಹಂತಿಯೂ

ತಲೆಕಸವು ಬೆಳಿ ಆದರೆ ಬಣ್ಣ ಹಾಕುತ್ತವು, ಕಣ್ಣು ಮಸ್ಕಾದರೆ ಕನ್ನಡ್ಕ ಮಡಗುತ್ತವು, ಮೊಳಪ್ಪು ಬೇನೆ ಆದರೆ ಯಾವ ಎಣ್ಣೆ ಒಳ್ಳೆದು ಹೇಳಿ ನೆರೆಕರೆಲಿ ಎಲ್ಲೋರತ್ತರೂ ಕೇಳ್ತವು. ಹಲ್ಲು ಹೋದ ಸಂಗತಿಯ ಮಾಂತ್ರ ಆರೂ ಬಾಯಿ ಬಿಟ್ಟು ಹೇಳ್ತವಿಲ್ಲೆ. ಬಾಯಿ ಬಿಟ್ಟರೆ ಕಾಣ್ತನ್ನೆ! ಹಾಂಗಾಗಿ ಆನೇ ಬರೆತ್ತೆ.

ಎನಗೆ 52 ವರ್ಷ ಅಪ್ಪಗ ಮೇಲಾಣ ಹಲ್ಲು ಪೂರ್ತಿ ತೆಗೆಶೆಕ್ಕಾತು. ಹುಳು ತಿಂದದಲ್ಲ. ಶುಗರು ಇಪ್ಪ ಕಾರಣ ಒಸಡು ಬೀಗಿ, ನೆತ್ತರು ಬಂದು, ಹಲ್ಲಿನ ಹಿಡ್ಕೊಂಡಿಪ್ಪ ಎಲುಬೇ ಸವದು, ನೋಡ್ಲೆ ಚೆಂದ ಇದ್ದ ಹಲ್ಲುಗಳೇ ಒಂದೊಂದಾಗಿ ಹಂದುಲೆ ಸುರು ಆತು. ಶುಗರು ಹೆಚ್ಚಾದಷ್ಟು ಒಸಡು ಹಾಳಪ್ಪದು, ಒಸಡು ಹಾಳಾದಷ್ಟು ಶುಗರು ಹತೋಟಿಗೆ ಬಪ್ಪಲೆ ಕಷ್ಟ ಅಪ್ಪದು. ಕೆಳ ಎದುರಾಣ ಆರು ಹಲ್ಲು ಒಳುದ್ದು.

ಎಂಗಳ ಅತ್ತೆಗೂ ಸೆಟ್ಟು ಇತ್ತು. ಅಟ್ಟುಂಬೊಳದ ಕವಾಟಿಲಿ ಒಂದು ಸ್ಟೀಲು ಗ್ಲಾಸಿನೊಳ ಅದರ ವಾಸ. ಜೆಂಬಾರಕ್ಕೆ ಹೋಪಗ ಮಾಂತ್ರ ಹಾಕುಗು. ಅಲ್ಲಿ ಉಂಬಲೆ ಕೂಪಗ ಆರಿಂಗೂ ಕಾಣದ್ದ ಹಾಂಗೆ ತೆಗದು ಸೆರಗಿನ ಕೊಡಿಲಿ ಕಟ್ಟುಗು. "ಎನಗೆ ಹಶು ಇಲ್ಲೆ ಕೂಸೆ" ಹೇಳಿ, ಸಾರು ಅಶನವ ನುರುದು ನಾಲ್ಕು ತುತ್ತು ತಿಂಗು. ಮನೆಗೆ ಬಂದ ಮತ್ತೆ ಹೆಜ್ಜೆ. ವರ್ಷಗಟ್ಳೆ ಹಾಂಗೇ ನಡದತ್ತು. ತರಕಾರಿ ಬಿಟ್ಟತ್ತು, ಕಡಲೆ ಹೆಸರು ಬಿಟ್ಟತ್ತು, ಕಡೆಂಗೆ ಜೆಂಬಾರಕ್ಕೆ ಹೋಪದನ್ನೂ ಬಿಟ್ಟವು. ಮೈ ಇಳುದಪ್ಪಗ ಎಲ್ಲೋರೂ "ಪ್ರಾಯ ಆತು" ಹೇಳಿದವು. ಪ್ರಾಯ ಅಲ್ಲ, ಹೊಟ್ಟಗೆ ಬೇಕಾದಷ್ಟು ಹೋಯಿಕೊಂಡಿತ್ತಿಲ್ಲೆ. ಎನ್ನ ಹಲ್ಲು ತೆಗೆಶುವಗ ಎನಗೆ ಹೆದರಿಕೆ ಆದ್ದು ಸೂಜಿಗೆ ಅಲ್ಲ, ಆ ಸ್ಟೀಲು ಗ್ಲಾಸಿಂಗೆ.

ಮಗಳು ಸ್ಕ್ರೂ ಹಾಕುಸು ಹೇಳಿ ಹಟ ಮಾಡಿತ್ತು. ಎಲುಬಿನೊಳ ಟೈಟಾನಿಯಂ ಕೂರುಸುದು, ಎಲುಬು ಅದರ ತನ್ನದೇ ಹೇಳಿ ಹಿಡ್ಕೊಳ್ತು. ಸ್ವೀಡನ್ನಿನ ಬ್ರೋನೆಮಾರ್ಕ್ ಹೇಳುವವು 1965ರಲ್ಲಿ ಸುರುವಿಂಗೆ ಒಬ್ಬಂಗೆ ಹೀಂಗೆ ಹಲ್ಲು ಕೂರುಸಿದ್ದು. ಒಳ್ಳೆದೇ, ಎಡಿಗಾದವು ಹಾಕುಸಲಿ. ಎನ್ನ ಮೇಲಾಣ ಎಲುಬು ಸವದಿತ್ತು, ತಿಂಗಳುಗಟ್ಳೆ ಕಾಯೆಕ್ಕು, ಪೈಸೆಯೂ ಹೆಚ್ಚು. ಸೆಟ್ಟೇ ಸಾಕು ಹೇಳಿ ಆನು ನಿಘಂಟು ಮಾಡಿದೆ. ಪೈಸೆ ಕಷ್ಟ ಇಪ್ಪವಕ್ಕೆ ಸುಳ್ಯ, ದೇರಳಕಟ್ಟೆ, ಮಂಗಳೂರಿಲಿ ಡೆಂಟಲ್ ಕಾಲೇಜುಗೊ ಇದ್ದು. ಕಲಿವ ಮಕ್ಕೊ ಮಾಡುದು, ದೊಡ್ಡ ಡಾಕ್ಟ್ರಕ್ಕೊ ನೋಡಿ ಸರಿ ಮಾಡ್ಸುತ್ತವು. ಅಚ್ಚು ತೆಗವಲೆ, ಮೇಣದ್ದರ ಹಾಕಿ ನೋಡ್ಲೆ ಹೇಳಿ ಐದಾರು ಸರ್ತಿ ಬಸ್ಸು ಹತ್ತೆಕ್ಕು, ಅಷ್ಟೆ.

ಸೆಟ್ಟು ಬಂದ ಕೂಡ್ಲೆ ಹಲ್ಲು ಬಂದ ಹಾಂಗೆ ಅಲ್ಲ. ಮಾತಾಡ್ಲೆ, ತಿಂಬಲೆ ಪುನಃ ಕಲಿಯೆಕ್ಕು. ಸುರುವಾಣ ವಾರ ಬಾಯಿಲಿ ನೀರು ತುಂಬಿಗೊಂಡೇ ಇತ್ತು. "ಸಾಸಮೆ" ಹೇಳ್ಲೆ ಹೆರಟರೆ ಸೀಟಿ ಹೊಡದ ಹಾಂಗೆ ಕೇಳುಗು. ಎಂಗಳ ಪುಳ್ಳಿ "ಅಜ್ಜಿ, ಇನ್ನೊಂದರಿ ಹೇಳು" ಹೇಳಿ ನೆಗೆ ಮಾಡಿತ್ತು. ಅದರ ಎದುರೇ ಕೂದು ಪೇಪರಿನ ಗಟ್ಟಿಗೆ ಓದುಲೆ ಸುರು ಮಾಡಿದೆ. 15 ದಿನಲ್ಲಿ ಸೀಟಿ ನಿಂದತ್ತು, ಪುಳ್ಳಿಗೆ ರಜ್ಜ ಬೇಜಾರಾತು.

ಮೇಲಾಣದ್ದು ಅಂಗುಳಿಂಗೆ ಜಿಗುಟಿ ನಿಲ್ಲುತ್ತು, ಬಾಯಿಯ ನೀರೇ ಅದಕ್ಕೆ ಗೋಂದು. ಕೆಳಾಣದ್ದು ಅಷ್ಟು ಗಟ್ಟಿ ನಿಲ್ಲ, ನಾಲಗೆ ನೂಕುತ್ತು, ಹಿಡಿವಲೆ ಜಾಗೆಯೂ ಕಮ್ಮಿ. ಎನಗೆ ಆ ಆರು ಹಲ್ಲು ಇದ್ದ ಕಾರಣ ಕೊಕ್ಕೆ ಸಿಕ್ಕುಸುಲೆ ಆತು. ಹಾಂಗಾಗಿ ಡಾಕ್ಟ್ರು ಒಳುಶುಲೆ ಎಡಿಗು ಹೇಳಿದರೆ "ಒಟ್ಟಿಂಗೆ ಎಲ್ಲ ತೆಗದು ಬಿಡಿ" ಹೇಳಿ ನಿಂಗೊ ಹೇಳೆಡಿ.

ತಿಂಬಗ ಎದುರಾಣ ಹಲ್ಲಿಲಿ ಕಚ್ಚುಲಾಗ, ಎದುರು ಒತ್ತಿದರೆ ಹಿಂದಾಣ ಹೊಡೆ ಏಳ್ತು. ಸಣ್ಣ ಮಾಡಿ ಎರಡೂ ಹೊಡೆಲಿ ಒಟ್ಟಿಂಗೆ ಅಗಿಯೆಕ್ಕು. ಆನು ಸುರುವಿಂಗೆ ನೀರುದೋಸೆ, ಮತ್ತೆ ಕೊಟ್ಟಿಗೆ, ಒಂದು ತಿಂಗಳಪ್ಪಗ ಚಪಾತಿ, ಹೀಂಗೆ ಹತ್ತಿದೆ. ಹಲಸಿನ ಹಪ್ಪಳ ಮುರುದು ಸಾರಿಲಿ ಅದ್ದಿದರೆ ಅಕ್ಕು. ಎಳ್ಳುಂಡೆಯ ಒಂದೇ ಎಳ್ಳು ಅಡಿಲಿ ಸಿಕ್ಕಿದರೂ ಕಲ್ಲು ಸಿಕ್ಕಿದ ಹಾಂಗೆ. ಅಂಗುಳು ಮುಚ್ಚಿಪ್ಪ ಕಾರಣ ಕಾಪಿಯ ಬೆಶಿ ಗಂಟಲಿಂಗೆ ಇಳುದ ಮತ್ತೆಯೇ ಗೊಂತಪ್ಪದು, ಜಾಗ್ರತೆ. ಮೆಡಿ ಉಪ್ಪಿನಕಾಯಿಯ ಪೀಶಕತ್ತಿಲಿ ಕೊರದು ತಿಂತೆ. ಇಡೀ ಮೆಡಿಯ ಕಚ್ಚುವ ಕೊಶಿ ಹೋತು, ಅದಕ್ಕೆ ಮದ್ದಿಲ್ಲೆ.

ತಾಗಿ ಹುಣ್ಣಾದರೆ ಮನೆಲಿ ಉಪ್ಪುಕಾಗದ ಹಿಡುದು ತಿಕ್ಕೆಡಿ. ಡಾಕ್ಟ್ರತ್ತರೆ ಹೋಪಗ ಬೇನೆ ಆದರೂ ಹಾಕಿಗೊಂಡೇ ಹೋಗಿ, ಕೆಂಪು ಗುರ್ತು ಕಂಡರೇ ಅವಕ್ಕೆ ಸರಿಯಾದ ಜಾಗೆಲಿ ತಿಕ್ಕುಲೆ ಎಡಿಗು. ತೊಳವಗ ಅಡಿಲಿ ಬಾಲ್ದಿಲಿ ನೀರು ಮಡಿಕ್ಕೊಳ್ಳಿ, ಕೈ ಜಾರಿದರೂ ಒಡೆಯ. ಪೇಸ್ಟಿಂದ ಗೀರು ಬೀಳ್ತು, ಸಾಬೂನು ಸಾಕು. ಇರುಳು ತೆಗದು ತಣ್ಣೀರಿಲಿ ಹಾಕೆಕ್ಕು, ಬೆಶಿನೀರಿಂಗೆ ಆಕಾರ ತಿರುಗುತ್ತು. ಇರುಳೂ ಹಗಲೂ ಹಾಕಿಯೇ ಇದ್ದರೆ ಅಡಿಲಿ ಫಂಗಸ್ಸು ಬಂದು ಅಂಗುಳು ಕೆಂಪಾವುತ್ತು, ಶುಗರು ಇಪ್ಪವಕ್ಕೆ ಇನ್ನೂ ಬೇಗ. ಆದರೆ ಇರುಳು ತೆಗವಲೆ ನಮ್ಮ ಹೆಮ್ಮಕ್ಕೊಗೆ ನಾಚಿಕೆ, ಗೆಂಡನ ಎದುರು ಬೊಚ್ಚು ಬಾಯಿ ಹೇಂಗೆ ತೋರ್ಸುದು ಹೇಳಿ. ಎಂಗಳಲ್ಲಿ ಇವು ಸುರುವಾಣ ದಿನವೇ "ನಿನ್ನ ಮೋರೆ ಎನಗೆ 30 ವರ್ಷಂದ ಗೊಂತಿದ್ದು, ತೆಗದು ಮನುಗು" ಹೇಳಿದವು. ಹೆಚ್ಚು ಮಾತಾಡುವ ಜೆನ ಅಲ್ಲ, ಅಷ್ಟು ಹೇಳಿದ್ದು ದೊಡ್ಡದು.

ಇನ್ನೊಂದು ಸಂಗತಿ ಬರೆಯೆಕ್ಕೋ ಬೇಡದೋ ಹೇಳಿ ಎರಡು ದಿನ ಆಲೋಚನೆ ಮಾಡಿದೆ. ಎನ್ನ ಸೆಟ್ಟು ಆದ್ದು ಅಡಕ್ಕೆ ಮಾರಿದ ಪೈಸೆಲಿ. ಆದರೂ ಹೇಳ್ತೆ. ಹಲ್ಲು ಹೋದ ಮತ್ತೆ ಎಲೆಅಡಕ್ಕೆ ಗುದ್ದಿ ಒಸಡಿಲಿ ಒತ್ತಿ ಮಡಿಕ್ಕೊಂಬ ಅಜ್ಜಿಯಕ್ಕೊ ನಮ್ಮ ಎಲ್ಲೋರ ಮನೆಲಿಯೂ ಇದ್ದವು. ಹೊಗೆಸೊಪ್ಪು ಇಲ್ಲದ್ರೆ ತೊಂದರೆ ಇಲ್ಲೆ ಹೇಳಿ ಗ್ರೇಶುದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯವು 2004ರಲ್ಲಿಯೇ ಬರೀ ಎಲೆಅಡಕ್ಕೆಯನ್ನೂ ಕ್ಯಾನ್ಸರ್ ತರುಸುವ ಪಟ್ಟಿಗೆ ಸೇರ್ಸಿದ್ದವು. ಬಾಯಿಲಿ ಬೆಳಿ ಕಲೆ, ಬಾಯಿ ಪೂರ್ತಿ ತೆಗವಲೆ ಎಡಿಯದ್ದದು, ಎರಡು ವಾರ ಆದರೂ ಗುಣ ಆಗದ್ದ ಹುಣ್ಣು ಇದ್ದರೆ "ಸೆಟ್ಟು ತಾಗಿದ್ದು" ಹೇಳಿ ಬಿಡೆಡಿ, ತೋರ್ಸಿ.

ಮೊನ್ನೆ ಒಂದು ಪೂಜೆಲಿ ಹಂತಿಲಿ ಎಲ್ಲೋರ ಒಟ್ಟಿಂಗೆ ಕೂದು ಉಂಡೆ, ಹೋಳಿಗೆಯೂ ತಿಂದೆ. ಒಂದೇ ಕಷ್ಟ ಎಂತ ಹೇಳಿರೆ ಎಂಗೊ ನಿಧಾನ. ಆನು ಸಾರಿಂಗೆ ಬಪ್ಪಗ ಹಂತಿಯವು ಮಜ್ಜಿಗೆ ಮುಗುಶಿ ಕೈ ಒಣಗುಸಿಗೊಂಡು ಕೂದಿತ್ತವು. ಹತ್ತರೆ ಕೂದ ಅತ್ತಿಗೆ "ನೀನು ಉಣ್ಣು, ಎನಗೂ ರಜ್ಜ ಮಜ್ಜಿಗೆ ಬೇಕು" ಹೇಳಿ ಪುನಃ ಅಶನ ಬಡುಸಿಗೊಂಡತ್ತು. ಅದಕ್ಕೆ ಬೇಕಾಗಿತ್ತಿಲ್ಲೆ ಹೇಳಿ ಎನಗೆ ಗೊಂತಿದ್ದು. ನಿಂಗಳ ಮನೆ ಜೆಂಬಾರಲ್ಲಿ ಮೆಲ್ಲಂಗೆ ಉಂಬವು ಇದ್ದರೆ ಹೀಂಗೆ ಒಬ್ಬ ಅತ್ತಿಗೆಯ ಹತ್ತರೆ ಕೂರ್ಸಿ.

ಹಲ್ಲು ತೆಗದ ಮತ್ತೆ ಎಲುಬು ಸವೆತ್ತಾ ಹೋವುತ್ತು, ಹಾಂಗಾಗಿ ಎಷ್ಟು ಒಳ್ಳೆ ಸೆಟ್ಟಾದರೂ ಕೆಲವು ವರ್ಷಲ್ಲಿ ಸಡ್ಲ ಆವುತ್ತು. ಎನ್ನದೂ ಈಗ ಆಕಳಿಸುವಗ ಜಾರುತ್ತು. ಬಪ್ಪ ತಿಂಗಳು ಒಳಾಣ ಹೊಡೆ ತುಂಬುಸುಲೆ ಹೋಪಲಿದ್ದು. ನೆರೆಕರೆಲಿ ಆರಿಂಗಾದರೂ ತೋರ್ಸುಲೆ ಇದ್ದರೆ ಹೇಳಿ, ಒಟ್ಟಿಂಗೆ ಹೋಪ.