ನಿರೀಕ್ಷೆ ಅಂದ್ರ ಹಾದಿ ನೋಡೂದು

ನಂಬಿಕೆ, ನಿರೀಕ್ಷೆ, ಪ್ರೀತಿ. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿಮೂರನೆಯ ಅಧ್ಯಾಯದ ಕೊನೆಗೆ ಬರುವ ಮೂರು ಶಬ್ದಗಳು. ನಮ್ಮ ಕಡೆ ಕ್ರೈಸ್ತರ ಮನೆಗೆ ಹೋದರೆ ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ, ಮದುವೆ ಕಾರ್ಡಿನ ಮೇಲೆ ಎಲ್ಲಾದರೂ ಒಂದು ಕಡೆ ಕಂಡೇ ಕಾಣುತ್ತವೆ. ನಂಬಿಕೆ ಬಗ್ಗೆ ಪ್ರಸಂಗ ಬೇಕಾದಷ್ಟು ಕೇಳಿದ್ದೇನೆ. ಪ್ರೀತಿ ಬಗ್ಗೆಯಂತೂ ಕೇಳೋದೇ ಬೇಡ. ನಡುವೆ ಕೂತಿರೋ ಈ ನಿರೀಕ್ಷೆ ಮಾತ್ರ ಮೂರು ಮಕ್ಕಳ ಮನೆಯ ನಡುವಿನ ಮಗನ ಹಾಗೆ... ಯಾರೂ ಹೆಚ್ಚು ವಿಚಾರಿಸೋದಿಲ್ಲ.

ಶಬ್ದ ನೋಡಿ, ಎಷ್ಟು ಸಾದಾ ಇದೆ. ರೈಲು ನಿಲ್ದಾಣದಲ್ಲಿ 'ನಿರೀಕ್ಷಣಾ ಕೊಠಡಿ' ಅಂತ ಬೋರ್ಡು ಹಾಕ್ತಾರಲ್ಲ, ಅದೇ. ಕಥೋಲಿಕ ಗೆಳೆಯರು ಇದಕ್ಕೆ ಭರವಸೆ ಅಂತಾರೆ, ಅದು ಕೇಳೋಕೆ ಚೆನ್ನಾಗಿದೆ, ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗೆ. ನಿರೀಕ್ಷೆಯಲ್ಲಿ ಆ ಬೆಚ್ಚಗಿಲ್ಲ. ಮೂಲ ಸಂಸ್ಕೃತದಲ್ಲಿ ಅದರ ಅರ್ಥ ಬರೀ ನೋಡುವುದು. ನಮ್ಮ ಧಾರವಾಡ ಕಡೆ ಯಾರಿಗಾದರೂ ಕಾಯೋದಕ್ಕೆ 'ಹಾದಿ ನೋಡೂದು' ಅಂತೀವಿ. ಎರಡೂ ಒಂದೇ ಮಾತು.

ನಮ್ಮ ಅಮರಗೋಳ ಹಾದಿ ನೋಡುವವರ ಊರು ಅಂತ ನನಗೆ ಅನ್ನಿಸ್ತಿರುತ್ತೆ. ಹುಬ್ಬಳ್ಳಿ ಧಾರವಾಡದ ನಡುವೆ, ಆ ಕಡೆಯದೂ ಅಲ್ಲ ಈ ಕಡೆಯದೂ ಅಲ್ಲ. ಸಣ್ಣ ರೈಲ್ವೆ ಸ್ಟೇಷನ್ ಇದೆ, ದೊಡ್ಡ ಗಾಡಿಗಳು ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗ್ತವೆ. ಎಪಿಎಂಸಿ ಯಾರ್ಡಿನಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಚೀಲಗಳ ಮೇಲೆ ರೈತರು ಕೂತು ರೇಟಿನ ಹಾದಿ ನೋಡ್ತಾರೆ. ಪಕ್ಕದ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅಲ್ಲಿಗೆ ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದವರು ಹಾಸಿಗೆ ಸುತ್ತಿಕೊಂಡು, ಬುತ್ತಿ ಕಟ್ಟಿಕೊಂಡು ವರಾಂಡದಲ್ಲಿ ಕೂತಿರ್ತಾರೆ. ಅವರು ಯಾತರ ಹಾದಿ ನೋಡ್ತಾರೆ ಅನ್ನೋದನ್ನ ನಾನು ಹೇಳಬೇಕಾಗಿಲ್ಲ.

2018ರ ನವೆಂಬರಿನಿಂದ ನಾವೂ ಆ ಸಾಲಿನಲ್ಲಿ ಕೂತೆವು. ಅವ್ವನಿಗೆ ಅನ್ನನಾಳದ ಕ್ಯಾನ್ಸರು. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ ಕುಡಿಯೋದಕ್ಕೂ ಅರ್ಧ ತಾಸು. ವಾರಕ್ಕೆ ಐದು ದಿನ ರೇಡಿಯೇಷನ್. ನಡುವೆ ಕೀಮೊ.

ಸುದ್ದಿ ತಿಳಿದ ಮೇಲೆ ಮನೆಗೆ ಪ್ರಾರ್ಥನೆ ಮಾಡೋಕೆ ಬಹಳ ಮಂದಿ ಬಂದರು. ಬಂದವರ ಪ್ರೀತಿ ದೊಡ್ಡದು, ಅದನ್ನ ಮರೆಯೋಕಾಗಲ್ಲ. ಪಕ್ಕದ ಮನೆ ಅತ್ತಿ ನಮ್ಮೂರ ಬನಶಂಕರಿ ಗುಡಿಯಲ್ಲಿ ಅವ್ವನ ಹೆಸರಿನಲ್ಲಿ ಹರಕೆ ಹೊತ್ತು ಬಂದು, ಹೇಳಲೋ ಬೇಡವೋ ಅಂತ ಸಂಕೋಚದಿಂದ ಹೇಳಿದ್ದರು. ಅವ್ವ ಅವರ ಕೈ ಹಿಡ್ಕೊಂಡು ಸುಮ್ಮನೆ ಕೂತಿದ್ದಳು. ಆದರೆ ಬಂದವರಲ್ಲಿ ಒಬ್ಬರು ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, "ನಂಬಿಕಿ ಪೂರ್ತಿ ಇರಬೇಕ್ರಿ. ಒಂದೀಟು ಸಂಶಯ ಇದ್ರೂ ಗುಣಾ ಆಗೂದಿಲ್ಲ" ಅಂದರು.

ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವತ್ತು ರಾತ್ರಿ ನನ್ನನ್ನ ಕೇಳಿದಳು, "ಹಂಗಾರ ನಾ ಸತ್ರ ನಂದು ನಂಬಿಕಿ ಕಡಿಮಿ ಬಿತ್ತು ಅಂತನ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಐವತ್ತು ವರ್ಷ ಒಂದು ಭಾನುವಾರ ತಪ್ಪಿಸದೆ ದೇವಾಲಯಕ್ಕೆ ಹೋದ ಹೆಂಗಸಿಗೆ ಕೊನೆಗೆ ಮಾರ್ಕ್ಸ್ ಕಾರ್ಡಿನ ಭಯ ಹುಟ್ಟಿಸೋದು ಎಂಥ ಧರ್ಮ ಅಂತ ಸಿಟ್ಟು ಬಂತು. ಎರಡು ದಿನ ಬಿಟ್ಟು ಅವಳೇ ಅಂದಳು: "ಗುಣಾ ಆಗ್ಲಿ ಅನ್ನೂದು ನನ್ನ ಆಸೆ. ಆಸೆ ಬ್ಯಾರೆ, ನಿರೀಕ್ಷೆ ಬ್ಯಾರೆ." ಮುಂದೆ ವಿವರಿಸಲಿಲ್ಲ. ಗಂಟಲು ನೋಯ್ತಿತ್ತು.

ಫೆಬ್ರವರಿ ಬಂತು. ಫೆಬ್ರವರಿ ಅಂದರೆ ನಮ್ಮ ಕಡೆ ಮೆಣಸಿನಕಾಯಿ ಸೀಜನ್. ಕುಂದಗೋಳದ ಕಡೆಯಿಂದ, ಬ್ಯಾಡಗಿ ಕಡೆಯಿಂದ ಕೆಂಪು ರಾಶಿ. ಯಾರ್ಡಿನ ಹತ್ತಿರ ಹಾದು ಹೋದರೆ ಸೀನು ನಿಲ್ಲೋದಿಲ್ಲ. ವರ್ಷದ ಖಾರ ಆಗಲೇ ಮಾಡಿಡಬೇಕು. ಅವ್ವ ಒಂದು ಮುಂಜಾನೆ, "ಮೆಣಸಿನಕಾಯಿ ತರಬೇಕಲ್ಲೋ" ಅಂದಳು. ನಾನು, "ಈ ವರ್ಷ ಅಂಗಡಿ ಖಾರಾನ ತಂದ್ರಾತು ಬಿಡು" ಅಂದೆ. ಆಕೆ ಕೇಳಲಿಲ್ಲ. ರೇಡಿಯೇಷನ್ ಮುಗಿಸಿಕೊಂಡು ಆಟೋದಲ್ಲಿ ನೇರ ಯಾರ್ಡಿಗೇ ಹೋಗೋಣ ಅಂದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಆಟೋದಿಂದ ಇಳಿಯದೆ, ಡಬ್ಬಿ ಕಾಯಿ ಇಷ್ಟು, ಕಡ್ಡಿ ಕಾಯಿ ಇಷ್ಟು ಅಂತ ಕೈಯಲ್ಲಿ ಹಿಡಿದು ಮುರಿದು ನೋಡಿ ಆರಿಸಿದಳು. ಡಬ್ಬಿ ಬಣ್ಣಕ್ಕೆ, ಕಡ್ಡಿ ಸ್ವಲ್ಪ ಖಾರಕ್ಕೆ. ಚೌಕಾಶಿಯನ್ನೂ ಬಿಡಲಿಲ್ಲ.

ಮಾಳಿಗೆ ಮೇಲೆ ಒಣಗಿಸಿದೆವು. ಅತ್ತಿ ಬಂದು ತೊಟ್ಟು ಮುರಿದುಕೊಟ್ಟರು. ಕೊತ್ತಂಬರಿ ಬೀಜ, ಒಣಕೊಬ್ಬರಿ, ಬಳ್ಳೊಳ್ಳಿ ಹಾಕಿ ಗಿರಣಿಯಲ್ಲಿ ಕುಟ್ಟಿಸಿ ಮಸಾಲಿ ಖಾರ ಆಯಿತು. ಭರಣಿಗೆ ತುಂಬಿ, ಮೇಲೆ ಇಂಗಿನ ಹರಳು ಇಟ್ಟು, ಬಿಳಿ ಬಟ್ಟೆ ಕಟ್ಟಿದಳು. ಅದರಲ್ಲಿ ಒಂದು ಚಿಟಿಕೆ ಕೂಡ ಆಕೆಯ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬೈಬಲ್ಲಿನ ಒಂದು ಕಥೆ ನನಗೆ ಆವಾಗ ನೆನಪಿಗೆ ಬಂತು. ಯೆರೆಮೀಯನ ಗ್ರಂಥ, ಮೂವತ್ತೆರಡನೆಯ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಬೀಳ್ತದೆ ಅಂತ ಹೇಳಿದ್ದಕ್ಕೇ ಪ್ರವಾದಿಯನ್ನ ಸೆರೆಯಲ್ಲಿ ಇಟ್ಟಿದ್ದಾರೆ. ಅಂಥಾ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿ ನನ್ನ ಹೊಲ ಇದೆ, ತಗೋ ಅಂತಾನೆ. ಇವನು ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡೇ ಬಿಡ್ತಾನೆ! ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಕ್ರಯಪತ್ರ ಬಹಳ ದಿನ ಉಳಿಯಲಿ ಅಂತ ಮಣ್ಣಿನ ಪಾತ್ರೆಯಲ್ಲಿ ಇಡಿಸ್ತಾನೆ. ನಮ್ಮ ಕಡೆ ಸೈಟು, ಎನ್‌ಎ, ಲೇಔಟು ಅಂತ ಇಷ್ಟು ವ್ಯವಹಾರ ನಡೀತದೆ, ಶತ್ರು ಬಾಗಿಲಲ್ಲಿ ನಿಂತಾಗ ಹೊಲ ಖರೀದಿ ಮಾಡಿದ ಗಿರಾಕಿಯನ್ನ ನೀವು ನೋಡಿದ್ದೀರಾ? ಊರು ಉಳೀತದೆ ಅಂತ ಅವನು ಕೊಂಡದ್ದಲ್ಲ. ಊರು ಬೀಳೋದು ಖಚಿತ ಅಂತ ಹೇಳಿದವನೇ ಅವನು. ತಾನಿಲ್ಲದ ಒಂದು ದಿನ ಇಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿ ತೋಟ ಕೊಳ್ತಾರೆ ಅಂತ ಕೊಂಡ.

ಇನ್ನೊಬ್ಬರೂ ನೆನಪಾಗ್ತಾರೆ. ಫರ್ಡಿನಾಂಡ್ ಕಿಟೆಲ್. ಹುಬ್ಬಳ್ಳಿ-ಧಾರವಾಡದವರಿಗೆ ಹೊಸ ಹೆಸರಲ್ಲ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಬಂದರು. ನಿಘಂಟು ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ. ಸುಮಾರು 70,000 ಶಬ್ದ. 1903ರಲ್ಲಿ ದೂರದ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಆ ನಿಘಂಟನ್ನ ಬಿಡಿಸಿ ನೋಡಿದವರಲ್ಲಿ ಬಹುಪಾಲು ಮಂದಿ ಅವರು ಹೋದ ಮೇಲೆ ಹುಟ್ಟಿದವರು. ನಾವು ಇಲ್ಲಿ ಕೂತು ಕನ್ನಡ ಬರೆಯೋರೆಲ್ಲ ಆ ಲೆಕ್ಕದಲ್ಲೇ ಬರ್ತೀವಿ.

ಕಣ್ಣಿಗೆ ಕಾಣ್ತಾ ಇರೋದನ್ನ ಯಾರು ನಿರೀಕ್ಷೆ ಮಾಡ್ತಾರೆ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಾದ ಮಾಡ್ತಾನೆ. ನಾನು ಅದನ್ನ ಸಣ್ಣವನಿದ್ದಾಗ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆಸೆಗೆ ತಾರೀಖು ಇರ್ತದೆ. ರಿಪೋರ್ಟು ಯಾವಾಗ, ಗುಣ ಯಾವಾಗ. ತಾರೀಖು ತಪ್ಪಿದರೆ ಅದು ಮುರಿದು ಬೀಳ್ತದೆ. ಅವ್ವನ ನಿರೀಕ್ಷೆಗೆ ತಾರೀಖು ಇರಲಿಲ್ಲ, ಕೆಲಸ ಇತ್ತು. ದೇವರ ಹತ್ತಿರ ಆಕೆಯ ಲೆಕ್ಕ ಏನಿತ್ತೋ ಅದು ಆಕೆಗೆ, ದೇವರಿಗೆ. ನನಗೆ ಕಂಡದ್ದು ಮೆಣಸಿನಕಾಯಿ ಮಾತ್ರ.

ಜೂನ್ ತಿಂಗಳಲ್ಲಿ, ಮಳೆ ಇನ್ನೂ ಹಿಡಿದಿರಲಿಲ್ಲ, ಅವ್ವ ಹೋದಳು. ನಂಬಿಕೆ ಕಡಿಮೆ ಬಿತ್ತೇ ಅನ್ನೋ ಪ್ರಶ್ನೆ ಕೊನೆಕೊನೆಗೆ ಆಕೆ ಎತ್ತಲಿಲ್ಲ. ಮಣ್ಣು ಮಾಡುವಾಗ ಪಾದ್ರಿಗಳು ಪುನರುತ್ಥಾನದ ನಿರೀಕ್ಷೆಯಲ್ಲಿ ಅಂತ ಓದಿದರು. ಪ್ರತಿ ಮಣ್ಣಿನಲ್ಲೂ ಓದುವ ಮಾತೇ ಅದು. ಅವತ್ತು ಆ ಶಬ್ದ ಕಿವಿಗೆ ಬಿದ್ದ ರೀತಿ ಬೇರೆ ಇತ್ತು. ಪಕ್ಕದಲ್ಲಿ ಅತ್ತಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

ಭರಣಿಯ ಖಾರ ನಾವು ಮನೆಮಂದಿ ಏಳು ತಿಂಗಳು ಉಂಡೆವು. ಸಾರಿಗೆ, ಬದನೆಕಾಯಿ ಪಲ್ಯಕ್ಕೆ, ರೊಟ್ಟಿ ಮೇಲೆ ಎಣ್ಣೆ ಹಾಕಿ. ಮೊದಮೊದಲು ಕಣ್ಣಲ್ಲಿ ನೀರು ಬಂದರೆ ಖಾರಕ್ಕೆ ಅಂತ ಹೇಳೋದಕ್ಕೆ ಅನುಕೂಲ ಇತ್ತು. 2020ರ ಜನವರಿ ಕೊನೆಗೆ ಬಟ್ಟಲು ತಳಕ್ಕೆ ತಾಗಿ ಸದ್ದು ಮಾಡ್ತು. ಫೆಬ್ರವರಿಯಲ್ಲಿ ನಾನೇ ಯಾರ್ಡಿಗೆ ಹೋದೆ. ಡಬ್ಬಿ ಎಷ್ಟು, ಕಡ್ಡಿ ಎಷ್ಟು ಅಂತ ಆಕೆಯ ಪ್ರಮಾಣ ಗೊತ್ತಿತ್ತು. ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ದೇವಾಲಯ, ಗುಡಿ, ಯಾರ್ಡು, ರೈಲು ಎಲ್ಲಾ ಬಾಗಿಲು ಹಾಕಿದಾಗ ಮನೆಯಲ್ಲಿ ಖಾರ ಇತ್ತು. ಅತ್ತಿಗೂ ಒಂದು ಡಬ್ಬಿ ಕೊಟ್ಟು ಬಂದೆ.