ಪೀಪಾಯಿಯ ತೆಪ್ಪ

ನೀರಿಲ್ಲದ ಸೀಮೆಯಲ್ಲಿ ಹುಟ್ಟಿದವನಿಗೆ ದೋಣಿಯ ವ್ಯಾಮೋಹ ಹತ್ತಬಾರದು. ಹತ್ತಿತೋ, ಬಿಡುವ ಜಾತಿಯದಲ್ಲ. ಸೆಟ್ಟೂರಿನ ಕಡೆಯ ನಮಗೆ ಹೊಳೆಯೆಂದರೆ ಹಗರಿ, ಎಂದರೆ ಶಿಷ್ಟರ ವೇದಾವತಿ. ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ ಅದನ್ನು ತಡೆದು 1907ರಲ್ಲಿ ಪೂರೈಸಿದ ವಾಣಿವಿಲಾಸ ಸಾಗರವೇ 1933ರ ತರುವಾಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತೆಂದ ಮೇಲೆ, ಅದರ ಕೆಳಗಣ ಭೈರವಾನಿತಿಪ್ಪ ಜಲಾಶಯದ ಪಾಡನ್ನು ವರ್ಣಿಸತಕ್ಕದ್ದೇನಿದೆ! ಆದರೂ ಕೆರೆಗಳಲ್ಲಿ ನೀರು ನಿಂತ ವರ್ಷ, ಮಡದಿ ಮಕ್ಕಳು ವೃದ್ಧ ಮಾತೆಯೊಡನೆ ಜಲವಿಹಾರಕ್ಕೆ ಯಾವ ನೌಕೆ ಯೋಗ್ಯವೆಂಬ ಜಿಜ್ಞಾಸೆಯಲ್ಲಿ ನಾನು ಕಳೆಯುವ ಸಂಜೆಗಳ ಸುಖ, ವಿಹಾರದ ಸುಖಕ್ಕೆ ಏನೇನೂ ಕಡಿಮೆಯದಲ್ಲ.

ಮೊದಲ ಮನ್ನಣೆ ಹರಿಗೋಲಿಗೆ ಸಲ್ಲತಕ್ಕದ್ದು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ತೊಗಲು ಹೊದ್ದ ಈ ನೌಕೆಗಳು ಹದಿನೈದಿಪ್ಪತ್ತು ಜನರನ್ನು ಹೊಳೆ ದಾಟಿಸುತ್ತಿದ್ದುದನ್ನೂ, ನೆಟ್ಟಗೆ ಸಾಗದೆ ಸದಾ ತಿರುಗುತ್ತಲೇ ಇದ್ದುದನ್ನೂ ಬರೆದಿಟ್ಟಿದ್ದಾನೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿತು. ತಿರುಗಾಟ ಮಾತ್ರ ಹಾಗೆಯೇ ಉಳಿಯಿತು. ಅಡಿ ಚಪ್ಪಟೆಯಾದುದರಿಂದ ಆಳವಿಲ್ಲದ ನೀರಿನಲ್ಲಿಯೂ ಬಂಡೆಗಳ ನಡುವೆ ನುಸುಳಿಹೋಗುವ ಈ ನೌಕೆ ತುಂಗಭದ್ರೆಗೆ ಹೇಳಿ ಮಾಡಿಸಿದ್ದೇ ಸರಿ. ಆದರೆ ಬಟ್ಟಬಯಲಿನ ಕೆರೆಯಲ್ಲಿ ಗಾಳಿ ಬೀಸಿದಾಗ, ನುರಿತ ಅಂಬಿಗನ ಕೈಯಲ್ಲಿ ಹುಟ್ಟು ಇಲ್ಲದಿದ್ದರೆ, ಅದು ಗಾಳಿಯ ಮಾತನ್ನಲ್ಲದೆ ನಮ್ಮ ಮಾತನ್ನು ಕೇಳದು. ನಮ್ಮ ತಾಯಿಯಂತೂ, "ಸುಮ್ನೆ ಗಿರಗಿರ ತಿರುಗಾಕೆ ಅಷ್ಟು ದೂರ ಯಾಕಪ್ಪಾ ಹೋಗ್ಬೇಕು?" ಎಂದು ಒಂದೇ ಮಾತಿನಲ್ಲಿ ಅದರ ಅರ್ಜಿಯನ್ನು ವಜಾ ಮಾಡಿದರು.

ಇನ್ನುಳಿದುದು ಪಾಂಟೂನ್. ಅಮೆರಿಕದ ಮಿನೆಸೋಟದಲ್ಲಿ ಆಂಬ್ರೋಸ್ ವೀರೆಸ್ ಎಂಬ ರೈತ 1952ರಲ್ಲಿ ಉಕ್ಕಿನ ಪೀಪಾಯಿಗಳನ್ನು ತುದಿಗೆ ತುದಿ ಬೆಸೆದು ಎರಡು ಸಾಲು ಮಾಡಿ, ಮೇಲೊಂದು ಮರದ ಅಟ್ಟವಿಟ್ಟು ಸರೋವರಕ್ಕೆ ಇಳಿಸಿದನಂತೆ. ಈಗ ಪೀಪಾಯಿಗಳ ಸ್ಥಾನದಲ್ಲಿ ಅಲ್ಯೂಮಿನಿಯಮ್ ಕೊಳವೆಗಳು ಬಂದಿವೆ. ಎರಡರ ಬದಲು ಮೂರು ಕೊಳವೆಗಳಿದ್ದರೆ ಭಾರವೂ ಹೆಚ್ಚು ಹೊರುವುದು, ದೊಡ್ಡ ಮೋಟಾರಿನಿಂದ ವೇಗವೂ ಹೆಚ್ಚುವುದು. ನೀರ ನಡುವೆ ಎದುರುಬದುರು ಕುಳಿತು ಬುತ್ತಿ ಬಿಚ್ಚಲು ಹೊರಟವನಿಗೆ ವೇಗವೇಕೆ? ತೆಪ್ಪೋತ್ಸವಕ್ಕೆ ಪೀಪಾಯಿಗಳ ಮೇಲೆ ಬಿದಿರು ಬಿಗಿದು ದೇವರನ್ನು ಕೂರಿಸುವ ನಮ್ಮವರು ಅಂಥ ಆಸನವನ್ನು ಸಂಸಾರಿಗೂ ಕೊಡಬಹುದಾಗಿತ್ತು.

ನನ್ನ ಆಯ್ಕೆ ಆ ಪೀಪಾಯಿಯ ತೆಪ್ಪವೇ. ಅದರ ಲೆಕ್ಕವೇ ಒಂದು ರಸಪಾಕ. 200 ಲೀಟರಿನ ಡ್ರಮ್ಮು ಪೂರ್ತಿ ಮುಳುಗಿದಾಗ 200 ಕಿಲೋ ಭಾರವನ್ನು ಎತ್ತಿಹಿಡಿಯುವುದು. ಆರು ಡ್ರಮ್ಮುಗಳಿಗೆ 1200 ಕಿಲೋ. ಅರ್ಧಕ್ಕಿಂತ ಹೆಚ್ಚು ಮುಳುಗಿಸಬಾರದೆಂಬ ವಿವೇಕದಿಂದ 600. ಡ್ರಮ್ಮು, ಬಿದಿರು, ಹಲಗೆಗಳಿಗೆ 200 ಕಳೆದರೆ ಆರು ಮಂದಿಯೂ ಒಂದು ಬುತ್ತಿಯ ಗಂಟೂ ನೆಮ್ಮದಿಯಾಗಿ ಹಿಡಿಸುವುವು. ಸಾಲಿಗೆ ಮೂರರಂತೆ ಎರಡು ಸಾಲು ಮಾಡಿ ನಡುವೆ ಸಾಕಷ್ಟು ಅಂತರ ಬಿಡುವುದೇ ಇದರ ಮರ್ಮ. ಮಕ್ಕಳೆಲ್ಲ ಮೀನು ಕಂಡು ಒಂದೇ ಬದಿಗೆ ಓಡಿದರೂ, ಆ ಬದಿಯ ಸಾಲು ಹೆಚ್ಚು ಮುಳುಗಿದಷ್ಟೂ ನೀರು ಅದನ್ನು ಹೆಚ್ಚು ಬಲವಾಗಿ ಮೇಲಕ್ಕೊತ್ತುವುದರಿಂದ, ತೆಪ್ಪ ತುಸು ವಾಲುವುದಲ್ಲದೆ ಸುಲಭವಾಗಿ ಮಗುಚುವುದಿಲ್ಲ. ಲೈಫ್ ಜಾಕೆಟ್ಟಿನ ವಿಷಯದಲ್ಲಿ ಮಾತ್ರ ನನ್ನೊಡನೆ ಯಾರೂ ವಾದಿಸಲಾಗದು.

ಅಲ್ಯೂಮಿನಿಯಮ್ ಕೊಳವೆಯಲ್ಲಿಲ್ಲದ ಇನ್ನೊಂದು ಗುಣ ಡ್ರಮ್ಮಿನಲ್ಲಿದೆ: ಕೆರೆ ಬತ್ತಿದ ವರ್ಷ ಹಗ್ಗ ಬಿಚ್ಚಿ, ತೊಳೆದು, ಹಿತ್ತಿಲಿನಲ್ಲಿ ನಿಲ್ಲಿಸಿದರೆ ಗಾಳಿ ತುಂಬಿದ್ದ ಹೊಟ್ಟೆಯಲ್ಲಿಯೇ ಮನೆಯ ಬಳಕೆಯ ನೀರನ್ನು ತುಂಬಿಡಬಹುದು. ಆದುದರಿಂದಲೇ ಗುಜರಿ ಅಂಗಡಿಯಲ್ಲಿ ಕೊಳ್ಳುವಾಗ, ತುಕ್ಕು ಹಿಡಿಯುವ ಕಬ್ಬಿಣದ್ದನ್ನು ಬಿಟ್ಟು ನೀಲಿಯ ಪ್ಲಾಸ್ಟಿಕ್ಕಿನದನ್ನೇ ಆರಿಸಿ, ಬಿರಡೆ ತೆಗೆದು ಮೂಗಿಟ್ಟು ನೋಡುತ್ತೇನೆ. ಕ್ರಿಮಿನಾಶಕದ ವಾಸನೆ ಬಂದರೆ ಪುಕ್ಕಟೆಯಾಗಿ ಕೊಟ್ಟರೂ ಬೇಡ.