ಮೋಟಾರು ಕೊಟ್ಟಿಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದೊಂದು ಮಾಡಿಗೂ ಒಂದೊಂದು ವಂಶಾವಳಿಯುಂಟು. ಇಂದು ಸೌದೆ ತುಂಬಿರುವ ಕೋಣೆ ಹಿಂದೊಮ್ಮೆ ಬಾಣಂತಿಯರ ಕೋಣೆಯಾಗಿದ್ದೀತು. ಅಡಕೆ ಬೇಯಿಸುವ ಒಲೆಯಿರುವಲ್ಲಿ ಅಜ್ಜನ ಕಾಲದ ಭತ್ತದ ಪಣತವಿದ್ದೀತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ, ನಿವೃತ್ತ ವಿಜ್ಞಾನದ ಮೇಷ್ಟರೊಬ್ಬರ ಮನೆಯ ಮೋಟಾರು ಕೊಟ್ಟಿಗೆಯೂ ಹಾಗೆಯೇ. ಅದನ್ನು ಮೊದಲು ಕಟ್ಟಿದ್ದು ಎತ್ತಿನ ಗಾಡಿಗಾಗಿ. 1984ರಲ್ಲಿ ಮೇಷ್ಟರ ಅಣ್ಣನವರು ಅಂಬಾಸಿಡರ್ ಕಾರನ್ನು ಕೊಂಡಾಗ ಗಾಡಿ ಹೊರಗೆ ಬಿದ್ದು ಮಳೆಯಲ್ಲಿ ನೆನೆಯಿತು. ಕಾರು ಒಳಗೆ ನಿಂತಿತು. ಇಪ್ಪತ್ತು ಅಡಿ ಉದ್ದ, ಹನ್ನೆರಡಡಿ ಅಗಲ. ಮೇಲೆ ಮಂಗಳೂರು ಹೆಂಚು. ಮುಂದೆ ಎರಡು ರೆಕ್ಕೆಯ ಬಾಗಿಲು. ನಡುವೆ ಕಾರಿನಡಿ ಇಳಿದು ರಿಪೇರಿ ಮಾಡಲೊಂದು ಗುಂಡಿ. ಅಷ್ಟೇ ಅದರ ವೈಭವ.

ಅಣ್ಣನವರು 2011ರಲ್ಲಿ ತೀರಿಕೊಂಡರು. ಕಾರು ಅಂದಿನಿಂದ ಕದಲಲಿಲ್ಲ. ಚಕ್ರಗಳ ಗಾಳಿ ಇಳಿಯಿತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದವು. ಆದರೂ ಪ್ರತಿ ವರ್ಷವೂ ಆಯುಧಪೂಜೆಯ ದಿವಸ ಅತ್ತಿಗೆಯವರು ಹರಿವಾಣದಲ್ಲಿ ಕುಂಕುಮ, ಹೂವು, ನಿಂಬೆಹಣ್ಣುಗಳನ್ನಿಟ್ಟುಕೊಂಡು ಆ ಕೊಟ್ಟಿಗೆಗೆ ಹೋಗಿ, ಧೂಳು ಒರಸಿ, ಓಡದ ಆ ಕಾರಿಗೆ ಪೂಜೆ ಮಾಡಿ ಬರುತ್ತಿದ್ದರು. ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ನೋವೆಂದರೆ, ಹಾವು ಕಚ್ಚಿತೆಂದರೆ, ನಡುರಾತ್ರಿಯ ಮಳೆಯಲ್ಲಿ ಹೊರಡುತ್ತಿದ್ದುದು ಆ ಒಂದೇ ಕಾರು. ಅದರ ಹಿಂದಿನ ಸೀಟಿನಲ್ಲಿಯೇ ಹುಟ್ಟಿದ ಮಗುವೊಂದು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದೆ.

ಮೇಷ್ಟರು 2018ರಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈ ಸುಮ್ಮನಿರಲಾರದು. ಹಳ್ಳಿಯ ಮನೆಯಲ್ಲಿ ಕೆಲಸಕ್ಕೇನು ಬರಗಾಲ? ಪಂಪಿನ ಕವಾಟ ಸೋರುತ್ತದೆ, ಬಾಗಿಲ ಚಿಲುಕ ಕೂರುವುದಿಲ್ಲ, ಅಡಕೆ ಸುಲಿಯುವ ಯಂತ್ರದ ಪಟ್ಟಿ ಕಡಿಯುತ್ತದೆ. ಒಂದು ತಿರುಪನ್ನು ತಿರುಗಿಸಲು ಪೇಟೆಯಿಂದ ಆಳನ್ನು ಕರೆಸಿದರೆ ಆತ ಬರುವ ಹೊತ್ತಿಗೆ ಮಳೆಗಾಲವೇ ಬಂದಿರುತ್ತದೆ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ಶಿಕ್ಷಣದ ನಡುಗಂಬವಾಗಿ ನಿಲ್ಲಿಸಬೇಕೆಂದರೆಂಬುದನ್ನು ಮೇಷ್ಟರು ಪಾಠವಾಗಿ ಕಲಿತಿದ್ದರೇ ಹೊರತು, ಒಂದು ಹಲಗೆಯನ್ನು ನೆಟ್ಟಗೆ ಕೊಯ್ದವರಲ್ಲ. ಈ ಕೊರತೆಯನ್ನು ತೀರಿಸಿಕೊಳ್ಳಲು ಅವರಿಗೊಂದು ಕೆಲಸದ ಮನೆ ಬೇಕಾಯಿತು. ಇದ್ದುದು ಒಂದೇ ಸ್ಥಳ. ಅಲ್ಲಿ ಕಾರು ನಿಂತಿತ್ತು.

ಇಂಥ ಕೊಟ್ಟಿಗೆಗಳಿಗೆ ಲೋಕದಲ್ಲಿ ಖ್ಯಾತಿ ಇಲ್ಲದೆ ಇಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲನೆಯ ಗಾಡಿಯನ್ನು ಕಟ್ಟಿದ್ದು ಮನೆಯ ಹಿಂದಿನ ಒಂದು ಶೆಡ್ಡಿನಲ್ಲಿ. 1896ರ ಜೂನ್ ತಿಂಗಳಲ್ಲಿ ಗಾಡಿ ಸಿದ್ಧವಾದ ಮೇಲೆ ನೋಡಿದರೆ, ಅದು ಬಾಗಿಲಲ್ಲಿ ಹಿಡಿಸದು. ಕೊಡಲಿಯಿಂದ ಇಟ್ಟಿಗೆಯ ಗೋಡೆಯನ್ನು ಒಡೆದು ಹೊರತರಬೇಕಾಯಿತು. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಊರಿನಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಸ್ನೇಹಿತರು 1938ರಲ್ಲಿ ಕೆಲಸ ತೊಡಗಿದ್ದೂ ಬಾಡಿಗೆಮನೆಯ ಒಂದು ಮೋಟಾರು ಕೊಟ್ಟಿಗೆಯಲ್ಲಿಯೇ. ಬಂಡವಾಳ 538 ಡಾಲರು. ಮೇಷ್ಟರು ಈ ಕಥೆಗಳನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು. ಫೋರ್ಡನಿಗೆ ಗಾಡಿಯನ್ನು ಹೊರತರುವುದಕ್ಕೆ ಗೋಡೆ ಅಡ್ಡವಾಯಿತು. ಮೇಷ್ಟರಿಗೆ ಅಡ್ಡವಾದುದು ಗೋಡೆಯಲ್ಲ.

ಮೂರು ವರ್ಷ ಅವರು ಬಾಯಿ ಬಿಡಲಿಲ್ಲ. ತಾಯಿ ತೀರಿದ ಮೇಲೆ ತಮಗೆ ಬುತ್ತಿ ಕಟ್ಟಿ ಶಾಲೆಗೆ ಕಳುಹಿಸಿದ ಅತ್ತಿಗೆಯ ಮುಂದೆ ಆ ಮಾತನ್ನು ಎತ್ತುವುದು ಹೇಗೆ? 2021ರ ಬೇಸಗೆಯಲ್ಲಿ ಒಂದು ದಿನ ಜಗಲಿಯಲ್ಲಿ ಕುಳಿತು, ಅತ್ತ ಇತ್ತ ನೋಡಿ, "ಅತ್ತಿಗೆ, ಕಾರಿನ ತಳ ಪೂರ್ತಿ ತುಕ್ಕು ಹಿಡಿದಿದೆ. ಇನ್ನೆರಡು ಮಳೆಗಾಲವಾದರೆ ಎತ್ತುವುದಕ್ಕೂ ಬರುವುದಿಲ್ಲ" ಎಂದರು. ಅತ್ತಿಗೆಯವರು ಅಕ್ಕಿ ಆರಿಸುತ್ತಿದ್ದರು. "ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು" ಎಂದು ಹೇಳಿ ಮೊರವನ್ನೆತ್ತಿಕೊಂಡು ಒಳಗೆ ಹೋದರು. ಆ ಮಾತು ಒಪ್ಪಿಗೆಯಲ್ಲವೆಂಬುದನ್ನು ಅರಿಯದಷ್ಟು ಮೂಢರೇನೂ ಅಲ್ಲ ಮೇಷ್ಟರು. ಆದರೂ ಗುಜರಿಯವನಿಗೆ ಹೇಳಿಕಳುಹಿಸಿದರು. ಇದು ಸರಿಯೋ ತಪ್ಪೋ ಓದುಗರು ತಮ್ಮ ತಮ್ಮ ಮನೆಗಳನ್ನು ನೆನೆದು ಹೇಳಬೇಕು. ಕಾರನ್ನು ಹಗ್ಗ ಕಟ್ಟಿ ಎಳೆದೊಯ್ದ ದಿವಸ ಅತ್ತಿಗೆಯವರು ತೋಟದ ಕಡೆಗೆ ಹೋಗಿದ್ದವರು ಸಂಜೆಯ ದೀಪ ಹಚ್ಚುವ ಹೊತ್ತಿಗೆ ಬಂದರು. ಮುಂದೆ ಒಂದು ವರ್ಷಕ್ಕೂ ಮೇಲ್ಪಟ್ಟು ಅವರು ಕೊಟ್ಟಿಗೆಯ ಕಡೆ ಹೆಜ್ಜೆಯಿಡಲಿಲ್ಲ.

ಮೇಷ್ಟರು ಮೊದಲು ಕೈಹಾಕಿದ್ದು ಗುಂಡಿಗೆ. ಮಳೆಗಾಲದಲ್ಲಿ ಅದರಲ್ಲಿ ಮೊಣಕಾಲಿನವರೆಗೂ ನೀರು ಜಿನುಗುತ್ತಿತ್ತು. ಸಾಲದ್ದಕ್ಕೆ, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ಇಂಥ ಗುಂಡಿಗಳಲ್ಲಿ ಇಳಿದು ಕಿಡಿಗಾಗಿ ಕಾದಿರುತ್ತದೆ. ಜಂಬಿಟ್ಟಿಗೆಯ ಚೂರುಗಳನ್ನು ತುಂಬಿ, ದಮ್ಮಸು ಮಾಡಿ, ದಪ್ಪ ಪ್ಲಾಸ್ಟಿಕ್ಕಿನ ಹಾಳೆ ಹಾಸಿ, ಅದರ ಮೇಲೆ ನಾಲ್ಕಂಗುಲ ಕಾಂಕ್ರೀಟು ಹಾಕಿಸಿದರು: ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಹಾಳೆಯಿಲ್ಲದಿದ್ದರೆ ನೆಲದ ತೇವ ಮೇಲಕ್ಕೇರಿ ಕಬ್ಬಿಣವನ್ನೆಲ್ಲಾ ತಿಂದುಹಾಕುತ್ತದೆ. ಏಳು ದಿನ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾಯಿತು. ಉತ್ತರದ ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚುಗಳನ್ನು ಕೂರಿಸಿದರು. ಆ ದಿಕ್ಕಿನ ಬೆಳಕು ಹೆಚ್ಚು ಕಡಮೆಯಿಲ್ಲದೆ ದಿನವಿಡೀ ಸಮನಾಗಿರುತ್ತದೆ, ಗೀಟಿನ ಮೇಲೆ ಕೈಯ ನೆರಳು ಕಪ್ಪಾಗಿ ಬೀಳುವುದಿಲ್ಲ. ವಿದ್ಯುತ್ತಿಗೆ ಮನೆಯಿಂದ ಬೇರೆಯೇ ತಂತಿ ಎಳೆಸಿ, ಹೊರಗೆ ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಭೂಸಂಪರ್ಕ ಕೊಡಿಸಿ, 30 ಮಿಲಿಆಂಪಿಯರಿನಷ್ಟು ಸೋರಿದರೂ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಹಾಕಿಸಿದರು. ಒದ್ದೆ ಕಾಲಿನಲ್ಲಿ ನಡೆಯುವ ನಾಡಿನಲ್ಲಿ ಈ ಖರ್ಚಿಗೆ ಜಿಪುಣತನ ಮಾಡತಕ್ಕದ್ದಲ್ಲ.

ಕೆಲಸದ ಮೇಜಿಗೆ ಮರ ಮನೆಯಲ್ಲಿಯೇ ಇತ್ತು. ಕೆಲವು ವರ್ಷಗಳ ಹಿಂದೆ ಗಾಳಿಗೆ ಉರುಳಿದ ಹಲಸಿನ ಮರದ ಹಲಗೆಗಳು ಅಟ್ಟದ ಮೇಲೆ ಆರಿದ್ದವು. ಒಂದಂಗುಲ ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ ಆರಬೇಕೆಂಬುದು ಬಡಗಿಗಳ ಅನುಭವ. ಅವಸರಪಟ್ಟ ಹಲಗೆ ಮೊದಲ ಬೇಸಗೆಯಲ್ಲಿಯೇ ಬೆನ್ನು ಬಾಗಿಸುತ್ತದೆ. ಹತ್ತರಿಗೆ ಸಿಕ್ಕಿದ ಹಲಸು ಅರಿಸಿನದ ಬಣ್ಣದ ಸುರುಳಿಗಳನ್ನು ಬಿಡುತ್ತಿತ್ತು. ಬರ್ಮಾದ ಬೌದ್ಧ ಭಿಕ್ಷುಗಳ ಕಾಷಾಯಕ್ಕೆ ಬಣ್ಣ ಕಟ್ಟಲು ಬಳಸುತ್ತಿದ್ದುದು ಈ ಮರದ ಹೊಟ್ಟನ್ನೇ.

ಊರಿನ ಹಿರಿಯ ಆಚಾರ್ಯರು ಮೇಜನ್ನು ನೋಡಲು ಬಂದರು. ಎಪ್ಪತ್ತು ದಾಟಿದವರು, ಆ ಮನೆಯ ಎಷ್ಟೋ ಬಾಗಿಲುಗಳು ಅವರ ಕೈಯಿಂದಲೇ ಹುಟ್ಟಿದವು. ಮೂವತ್ತಮೂರು ಅಂಗುಲ ಎತ್ತರದ ಆ ಮೇಜನ್ನು ಸುತ್ತು ಹಾಕಿ, "ಮೇಷ್ಟ್ರೇ, ನಿಂತುಕೊಂಡು ಕೆಲಸ ಮಾಡಲು ಇದೇನು ದೊರೆಗಳ ಒಡ್ಡೋಲಗವೇ?" ಎಂದು ನಕ್ಕರು. ನಿಂತಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೇಜಿನ ಮೈ ಇರಬೇಕೆಂದು ಮೇಷ್ಟರು ಪುಸ್ತಕದ ಮಾತನ್ನು ಹೇಳಿದರು. ಆಚಾರ್ಯರು ಉತ್ತರಕೊಡದೆ ನೆಲದ ಮೇಲೆ ಕುಳಿತು, ಎಡಗಾಲಿನ ಹಿಮ್ಮಡಿಯಿಂದ ಹಲಗೆಯನ್ನು ಒತ್ತಿ, ಹೆಬ್ಬೆರಳಿನಿಂದ ತುದಿಯನ್ನು ಹಿಡಿದು, ನಾಲ್ಕು ಪೆಟ್ಟಿನಲ್ಲಿ ಉಳಿಯಿಂದ ಕಚ್ಚು ಕಡಿದು ತೋರಿಸಿದರು. ಅದಕ್ಕೆ ಇಕ್ಕಳವೂ ಬೇಡ, ಮೇಜೂ ಬೇಡ, ಕಾಲೇ ಎಲ್ಲವೂ. ಆದರೆ ಏಳುವಾಗ ಅವರಿಗೆ ಕಂಬವನ್ನು ಹಿಡಿದುಕೊಳ್ಳಬೇಕಾಯಿತು. ಮೊಣಕಾಲು ಹೋಗಿ ಎರಡು ವರ್ಷವಾಗಿತ್ತು. ಕೆಲಸ ಬಿಟ್ಟದ್ದೂ ಅದೇ ಕಾರಣಕ್ಕೆ. ಮರುವಾರ ಅವರು ತಾವಾಗಿಯೇ ಬಂದು, ಆ ನಗೆಯ ಮಾತನ್ನು ಮರೆತವರಂತೆ, ಮೇಜಿನ ಮುಂದೆ ನಿಂತು ಹತ್ತರಿ ಹಿಡಿದರು. ಅಂದಿನಿಂದ ವಾರಕ್ಕೆರಡು ಮೂರು ದಿನ ಅವರ ಸವಾರಿ ಅಲ್ಲಿಯೇ. ಮೇಷ್ಟರಿಗೆ ಗುರು ಸಿಕ್ಕಿದಂತಾಯಿತು, ಆಚಾರ್ಯರಿಗೆ ಕಾಲು ಸಿಕ್ಕಿದಂತಾಯಿತು.

ಮೊದಲನೆಯ ಮಳೆಗಾಲ ಮಾತ್ರ ಮೇಷ್ಟರ ಮಾನ ಕಳೆಯಿತು. ಮೂರು ಗಾಜಿನ ನಳಿಗೆಗಳಲ್ಲಿ ಮೂರು ಮೊಳೆಗಳನ್ನಿಟ್ಟು, ಒಣಗಾಳಿಯಲ್ಲಿರುವುದಕ್ಕೂ ಎಣ್ಣೆ ಮುಚ್ಚಿದ ಕಾಯಿಸಿದ ನೀರಿನಲ್ಲಿರುವುದಕ್ಕೂ ತುಕ್ಕು ಬಾರದು, ಗಾಳಿ ನೀರು ಎರಡೂ ತಗುಲಿದ್ದಕ್ಕೆ ಬರುತ್ತದೆಂದು ಮೂವತ್ತನಾಲ್ಕು ವರ್ಷ ಪಾಠ ಹೇಳಿದವರು, ತಮ್ಮ ಉಳಿ, ಅರ, ಗರಗಸಗಳನ್ನು ಗೋಡೆಯ ಮೇಲೆ ಅಂದವಾಗಿ ತೂಗುಹಾಕಿ ಮರೆತಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ಅದರ ನೆರೆಯ ಊರಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಜುಲೈ ಕಳೆಯುವಷ್ಟರಲ್ಲಿ ಎಲ್ಲವೂ ಕಾವಿ ಬಣ್ಣ. ಆಮೇಲೆ ಒಂದು ಮುಚ್ಚುವ ಬೀರುವನ್ನು ಮಾಡಿ, ಅದರ ಕಾಲುಗಳಡಿ ಗೆದ್ದಲು ಹತ್ತದಂತೆ ಕಲ್ಲಿಟ್ಟು, ಒಳಗೊಂದು ಮಡಕೆಯಲ್ಲಿ ಸುಡುಸುಣ್ಣದ ಹರಳುಗಳನ್ನಿಟ್ಟರು. ಸುಣ್ಣ ತೇವವನ್ನು ಕುಡಿದು ಪುಡಿಯಾಗುತ್ತದೆ, ಪುಡಿಯಾದೊಡನೆ ಬದಲಾಯಿಸಬೇಕು. ಕೆಲಸ ಮುಗಿದ ಮೇಲೆ ಉಪಕರಣಗಳಿಗೆ ಹೊಲಿಗೆ ಯಂತ್ರದ ಎಣ್ಣೆಯ ಬಟ್ಟೆಯನ್ನು ಸವರುವುದು ಈಗ ಸಂಧ್ಯಾವಂದನೆಯಷ್ಟೇ ನಿಯತವಾಗಿದೆ.

ಇನ್ನು ಕಾರಿನ ಶೇಷಭಾಗದ ವಿಚಾರ. ಗುಜರಿಯವನು ಬರುವ ಮುನ್ನ ಮೇಷ್ಟರು ಅದರ ಹಿಂದಿನ ಚಕ್ರದ ಕಮಾನುಪಟ್ಟಿಯ ಎಲೆಯೊಂದನ್ನು ಬಿಚ್ಚಿಸಿ ಇಟ್ಟುಕೊಂಡಿದ್ದರು. ಏತಕ್ಕೆಂದು ಆಗ ಅವರಿಗೂ ಸ್ಪಷ್ಟವಿರಲಿಲ್ಲ. ಕಮಾನುಪಟ್ಟಿಯ ಉಕ್ಕೆಂದರೆ ಹಳ್ಳಿಯ ಕಮ್ಮಾರರಿಗೆ ಪ್ರಾಣ. ಅವರು ಮಾಡುವ ಒಳ್ಳೆಯ ಕತ್ತಿಗಳೆಷ್ಟೋ ಹಿಂದಿನ ಜನ್ಮದಲ್ಲಿ ಲಾರಿಯನ್ನೋ ಕಾರನ್ನೋ ಹೊತ್ತವು. 2022ರ ಸೆಪ್ಟೆಂಬರಿನಲ್ಲಿ ಅಡಿಗೆಮನೆಯ ಮೆಟ್ಟುಕತ್ತಿಯ ಅಲಗು ಸವೆದು ದಾರದಂತಾಗಿತ್ತು. ಮೇಷ್ಟರು ಆ ಎಲೆಯನ್ನು ಕುಲುಮೆಗೆ ಕೊಂಡೊಯ್ದರು. ಕಮ್ಮಾರನು ಅದನ್ನು ಕೆಂಪಗೆ ಕಾಯಿಸಿ, ಬಡಿದು, ಬಾಗಿಸಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದನು. ಹಾಗೆ ಅದ್ದಿದ ಉಕ್ಕು ಗಾಜಿನಂತೆ ಒಡೆಯುತ್ತದೆ. ಅದರ ಮೈಯನ್ನು ಉಜ್ಜಿ ಬಿಳುಪಾಗಿಸಿ, ಹದವಾದ ಶಾಖದಲ್ಲಿ ಹಿಡಿದರೆ ಒಣಹುಲ್ಲಿನ ಬಣ್ಣವೇರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ತಣಿಸಬೇಕು. ಇನ್ನೊಂದು ಗಳಿಗೆ ತಡೆದು ನೀಲಿಯಾದರೆ ಅಲಗಿಗೆ ಹರಿತ ನಿಲ್ಲದು. ಮಣೆಯನ್ನು ಮೇಷ್ಟರೇ ಹಲಸಿನ ಹಲಗೆಯಲ್ಲಿ ಮಾಡಿದರು. ಆಚಾರ್ಯರು ಪಕ್ಕದಲ್ಲಿ ನಿಂತಿದ್ದರೂ ಕೈಹಾಕಲಿಲ್ಲ.

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಮೇಷ್ಟರು ಉಪಕರಣಗಳನ್ನೆಲ್ಲಾ ತೊಳೆದು ಒರಸಿ ಮೇಜಿನ ಮೇಲೆ ಜೋಡಿಸಿಟ್ಟು, ಮೆಟ್ಟುಕತ್ತಿಯನ್ನು ಕೊನೆಯಲ್ಲಿ ಇರಿಸಿದರು. ಪೂಜೆಗೆ ತಾವೇ ಹೂವು ಕೊಯ್ಯಲೆಂದು ಹೊರಟಾಗ, ಅತ್ತಿಗೆಯವರು ಹರಿವಾಣವನ್ನು ಹಿಡಿದುಕೊಂಡು ಅಂಗಳವನ್ನು ದಾಟಿ ಬರುತ್ತಿರುವುದು ಕಂಡಿತು. ಬಾಗಿಲಲ್ಲಿ ಅವರು ಸ್ವಲ್ಪ ಹೊತ್ತು ನಿಂತರು. ಗುಂಡಿಯಿದ್ದ ಜಾಗವನ್ನೂ, ಮೇಲಿನ ಗಾಜಿನ ಹೆಂಚುಗಳನ್ನೂ ನೋಡಿದರು. ಆಮೇಲೆ ಒಳಗೆ ಬಂದು, ಸುತ್ತಿಗೆ, ಉಳಿ, ಬೈರಿಗೆ ಎಂದು ಒಂದನ್ನೂ ಬಿಡದೆ ಕುಂಕುಮವಿಡುತ್ತಾ ಮೆಟ್ಟುಕತ್ತಿಯವರೆಗೂ ಬಂದರು.

"ಇದು ಎಲ್ಲಿಯ ಕಬ್ಬಿಣ?"

"ಅಣ್ಣನ ಕಾರಿನ ಕಮಾನು, ಅತ್ತಿಗೆ."

ಅವರ ಕೈ ತಡೆಯಿತು. ಅಲಗಿನ ಬೆನ್ನಿಗೆ ಕುಂಕುಮವಿಟ್ಟು, ಹೂವೇರಿಸಿ, ಉಳಿದ ಅಕ್ಷತೆಯನ್ನು ಮೇಜಿನ ಮೇಲೆ ಚೆಲ್ಲಿ ಅವರು ಮನೆಗೆ ಹೋದರು. ಆ ದಿನವೆಲ್ಲಾ ಅದರ ಮಾತೇ ಬರಲಿಲ್ಲ.

ಪೂಜೆಯಲ್ಲಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಬಳಸುವಂತಿಲ್ಲ. ಅದು ಕಳೆದ ಮಾರನೆಯ ದಿನ ಮೇಷ್ಟರು ಕೊಟ್ಟಿಗೆಯ ಬಾಗಿಲು ತೆಗೆಯುವಷ್ಟರಲ್ಲಿ ಅತ್ತಿಗೆಯವರು ಮೆಟ್ಟುಕತ್ತಿಯನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಅಲಗಿಗೆ ಬಾಳೆಕಾಯಿಯ ಸಿಪ್ಪೆ ಅಂಟಿಕೊಂಡಿತ್ತು.

"ಮಣೆ ಎತ್ತರವಾಯಿತು. ಅರ್ಧ ಅಂಗುಲ ಇಳಿಸಿಕೊಡು."